ಜೀರುಂಡೆಯ ಸದ್ದು, ದುಡಿಯ ಸದ್ದು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ನಾಟಕ ಆಡುವ ಹುಡುಗ ಹುಡುಗಿಯರ ಜೊತೆ ಹತ್ತು ನಿಮಿಷ ಮಾತಾಡಿದರೆ ಎರಡು ಹೆಸರು ಬಂದೇ ಬರುತ್ತವೆ. ಒಂದು ಸ್ತಾನಿಸ್ಲಾವ್‌ಸ್ಕಿ, ಇನ್ನೊಂದು ಬಿ.ವಿ. ಕಾರಂತ. ಮೊದಲನೆಯವನು ಪಾಠದಲ್ಲಿ ಬರುತ್ತಾನೆ, ಎರಡನೆಯವರು ಹಾಡಿನಲ್ಲಿ ಬರುತ್ತಾರೆ. ಸ್ತಾನಿಸ್ಲಾವ್‌ಸ್ಕಿ ಎಂದರೆ ‘ಪಾತ್ರದೊಳಗೆ ಇಳಿಯುವುದು’, ಕಾರಂತರೆಂದರೆ ‘ರಂಗಸಂಗೀತ’. ಒಬ್ಬ ಒಳಗಿನವನು, ಒಬ್ಬರು ಹೊರಗಿನವರು. ಒಬ್ಬನದು ವಾಸ್ತವ, ಒಬ್ಬರದು ಜಾನಪದ. ಹೀಗೆ ಎರಡು ಗೂಡು ಮಾಡಿ ಇಬ್ಬರನ್ನೂ ಕೂಡಿಸಿಟ್ಟಿದ್ದೇವೆ. ಈ ವಿಂಗಡಣೆ ನನಗೆ ಸರಿಯೆನಿಸಿಲ್ಲ. ಇಬ್ಬರ ವಿಷಯದಲ್ಲೂ ನಮಗೆ ಅರ್ಧ ಮಾತ್ರ ತಲುಪಿದೆ, ಆ ಅರ್ಧವನ್ನೇ ಪೂರ್ತಿ ಎಂದು ನಂಬಿದ್ದರಿಂದ ನಮ್ಮ ಊರುಗಳ ನಾಟಕಕ್ಕೆ ನಷ್ಟವಾಗಿದೆ ಎನ್ನುವುದು ನನ್ನ ವಾದ.

ಮೊದಲು ಆ ರಷ್ಯದವನ ಕಥೆ. ಕಾನ್‌ಸ್ತಾಂತಿನ್ ಸೆರ್ಗೆಯೆವಿಚ್ ಅಲೆಕ್ಸೆಯೆವ್ ಹುಟ್ಟಿದ್ದು 1863ರಲ್ಲಿ, ಮಾಸ್ಕೋದ ಶ್ರೀಮಂತ ಮನೆತನದಲ್ಲಿ. ಚಿನ್ನ ಬೆಳ್ಳಿಯ ಜರಿ ಎಳೆ ತಯಾರಿಸುವ ಕಾರ್ಖಾನೆ ಅವರದು. ಅಂಥ ಮನೆಯ ಮಗ ನಾಟಕದವನಾಗುವುದು ಮರ್ಯಾದೆಯ ಪ್ರಶ್ನೆಯಾಗಿದ್ದ ಕಾಲ. ಹಾಗಾಗಿ ಸ್ತಾನಿಸ್ಲಾವ್‌ಸ್ಕಿ ಎಂಬ ಬೇರೆ ಹೆಸರು ಇಟ್ಟುಕೊಂಡು ರಂಗಕ್ಕೆ ಬಂದ. 1897ರಲ್ಲಿ ನೆಮಿರೋವಿಚ್-ದಾಂಚೆಂಕೊ ಜೊತೆ ಮಾಸ್ಕೋದ ಹೋಟೆಲೊಂದರಲ್ಲಿ ಮಾತಿಗೆ ಕೂತ. ಮಧ್ಯಾಹ್ನ ಶುರುವಾದ ಆ ಮಾತು ಮುಗಿದದ್ದು ಮರುದಿನ ಬೆಳಿಗ್ಗೆ, ಒಟ್ಟು 18 ಗಂಟೆ. ಮುಂದಿನ ವರ್ಷ, 1898ರಲ್ಲಿ, ಮಾಸ್ಕೋ ಆರ್ಟ್ ಥಿಯೇಟರ್ ತೆರೆಯಿತು. ಪೀಟರ್ಸ್‌ಬರ್ಗಿನಲ್ಲಿ 1896ರಲ್ಲಿ ಸೋತು ಹೋಗಿದ್ದ ಚೆಕಾವ್‌ನ ‘ಸೀಗಲ್’ ನಾಟಕವನ್ನು ಇವರು ಎತ್ತಿಕೊಂಡು ಗೆಲ್ಲಿಸಿದರು. ಆ ಕಡಲಹಕ್ಕಿಯೇ ಆ ರಂಗಮಂದಿರದ ಲಾಂಛನವಾಯಿತು. ಅವನು ಬರೀ ನಿರ್ದೇಶಕನಲ್ಲ, ನಟ ಕೂಡ. ಚೆಕಾವ್‌ನ ನಾಟಕಗಳಲ್ಲಿ ತ್ರಿಗೋರಿನ್, ಆಸ್ತ್ರೋವ್, ವೆರ್ಶಿನಿನ್, ಗಾಯೆವ್ ಈ ನಾಲ್ಕೂ ಪಾತ್ರಗಳನ್ನು ಅವನೇ ಮಾಡಿದ.

ಈ ಚೆಕಾವ್ ಪ್ರಯೋಗಗಳಲ್ಲಿ ನನ್ನ ಕಿವಿ ಹಿಡಿದು ನಿಲ್ಲಿಸುವ ಸಂಗತಿ ಒಂದಿದೆ: ಸದ್ದು. ಸ್ತಾನಿಸ್ಲಾವ್‌ಸ್ಕಿಗೆ ಸದ್ದಿನ ಹುಚ್ಚು. ಸಂಜೆಯ ದೃಶ್ಯವೆಂದರೆ ಕಪ್ಪೆ ವಟಗುಟ್ಟಬೇಕು, ನಾಯಿ ಬೊಗಳಬೇಕು, ಜೀರುಂಡೆ ಕೂಗಬೇಕು. ಪ್ರೇಕ್ಷಕರು ತಾವು ನಾಟಕ ನೋಡುತ್ತಿದ್ದೇವೆ ಎನ್ನುವುದನ್ನು ಮರೆತು ರಷ್ಯದ ಹಳ್ಳಿಯೊಂದರ ಜಗಲಿಯಲ್ಲಿ ಕೂತಂತೆ ಆಗಬೇಕು ಎನ್ನುವ ಆಸೆ ಅವನದು. ಚೆಕಾವ್‌ಗೆ ಇದು ರೇಜಿಗೆಯಾಗಿತ್ತು. ತನ್ನ ನಾಟಕದೊಳಗೆ ಇಷ್ಟೊಂದು ಹುಳಹುಪ್ಪಟೆ ಯಾಕೆ ಎಂದು ಅವನು ಗೊಣಗುತ್ತಿದ್ದ.

ಮಲೆನಾಡಿನವರಿಗೆ ಚೆಕಾವ್‌ನ ಗೊಣಗಾಟ ಬೇಗ ಅರ್ಥವಾಗುತ್ತದೆ. ಇಲ್ಲಿ ಮಳೆಗಾಲ ಹಿಡಿಯುವ ಹೊತ್ತಿಗೆ ಸಮುದಾಯ ಭವನದಲ್ಲಿ ನಾಟಕ ಇಟ್ಟುಕೊಂಡು, ಸ್ಪೀಕರಿನಲ್ಲಿ ಜೀರುಂಡೆಯ ಸದ್ದು ಹಾಕಿದರೆ ಯಾರಿಗೂ ಕೇಳಿಸುವುದಿಲ್ಲ. ಹೊರಗಿನ ನಿಜವಾದ ಜೀರುಂಡೆಗಳು ಅದನ್ನು ನುಂಗಿಹಾಕುತ್ತವೆ. ತಗಡಿನ ಮಾಡಿನ ಮೇಲೆ ಮಳೆ ಬಿದ್ದರಂತೂ ಮಾತೇ ಕೇಳುವುದಿಲ್ಲ. ಇರುವುದನ್ನು ಇದ್ದ ಹಾಗೇ ತಂದಿಡುವ ಕೆಲಸದಲ್ಲಿ ರಂಗ ಯಾವತ್ತೂ ಊರಿನ ಮುಂದೆ ಸೋಲುತ್ತದೆ. ಹಾಗಾದರೆ ರಂಗದ ಮೇಲಿನ ಸದ್ದಿಗೆ ಇರುವ ಕೆಲಸವಾದರೂ ಏನು?

ಅದಕ್ಕೆ ಉತ್ತರ ಚೆಕಾವ್‌ನಲ್ಲೇ ಇದೆ. 1904ರ ಜನವರಿಯಲ್ಲಿ ರಂಗಕ್ಕೆ ಬಂದ ‘ಚೆರಿ ಆರ್ಚರ್ಡ್’ ಸಾಲಕ್ಕೆ ಸಿಕ್ಕು ಹರಾಜಾಗುವ ತೋಟವೊಂದರ ನಾಟಕ. ತೋಟ ಉಳಿಸಿಕೊಳ್ಳಲು ದಾರಿಯಿದ್ದರೂ ಮನೆಯವರು ಆ ಮಾತು ಈ ಮಾತು ಆಡುತ್ತ ಕಾಲ ಕಳೆಯುತ್ತಾರೆ. ಅಡಿಕೆ ತೋಟದ ಪಾಲು, ಸಾಲ, ಮಾರಾಟದ ಮಾತು ಕೇಳಿ ಬೆಳೆದ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಆ ನಾಟಕದ ಎರಡನೆಯ ಅಂಕದಲ್ಲಿ ಎಲ್ಲರೂ ಸುಮ್ಮನೆ ಕೂತಿರುವಾಗ ದೂರದಿಂದ, ಆಕಾಶದಿಂದಲೋ ಎಂಬಂತೆ, ತಂತಿ ಕಡಿದ ಸದ್ದು ಬರುತ್ತದೆ. ಏನದು? ಒಬ್ಬ ಗಣಿಯ ತೊಟ್ಟಿ ಕಳಚಿರಬೇಕು ಎನ್ನುತ್ತಾನೆ, ಒಬ್ಬ ಹಕ್ಕಿ ಇರಬೇಕು ಎನ್ನುತ್ತಾನೆ. ಯಾವುದೂ ಖಚಿತವಾಗುವುದಿಲ್ಲ. ನಾಟಕದ ಕೊನೆಗೆ ಅದೇ ಸದ್ದು ಮತ್ತೆ ಬರುತ್ತದೆ, ಹಿಂದೆಯೇ ಮರಕ್ಕೆ ಕೊಡಲಿ ಬೀಳುವ ಸದ್ದು. ಜೀರುಂಡೆಯ ಸದ್ದು ನಾವಿರುವ ಜಾಗವನ್ನು ಹೇಳುತ್ತದೆ. ತಂತಿ ಕಡಿದ ಸದ್ದು ನಮಗೆ ಆಗುತ್ತಿರುವುದನ್ನು ಹೇಳುತ್ತದೆ. ಈ ಎರಡರ ನಡುವಿನ ಅಂತರವೇ ನಾನು ಹೇಳಬೇಕೆಂದಿರುವುದರ ತಿರುಳು.

ಸ್ತಾನಿಸ್ಲಾವ್‌ಸ್ಕಿಯೂ ಜೀರುಂಡೆಯಲ್ಲೇ ನಿಂತುಬಿಟ್ಟವನಲ್ಲ. 1906ರ ಬೇಸಿಗೆಯಲ್ಲಿ ಫಿನ್ಲೆಂಡಿನಲ್ಲಿದ್ದಾಗ ಅವನನ್ನು ಒಂದು ಪ್ರಶ್ನೆ ಕಾಡಿತು. ಇಬ್ಸೆನ್‌ನ ನಾಟಕದ ಡಾಕ್ಟರ್ ಸ್ಟಾಕ್‌ಮನ್ ಪಾತ್ರ ಅವನಿಗೆ ಬಹಳ ಹೆಸರು ತಂದಿತ್ತು. ಆದರೆ ವರ್ಷಗಟ್ಟಲೆ ಮಾಡುತ್ತ ಮಾಡುತ್ತ ಅದು ಬರೀ ಕೈಕಾಲಿನ ಅಭ್ಯಾಸವಾಗಿ ಉಳಿದು, ಒಳಗಿನ ಜೀವ ಹೋಗಿಬಿಟ್ಟಿತ್ತು. ದಿನಾ ಆಡಬೇಕಾದ ನಟ ದಿನಾ ಹೊಸಬನಾಗುವುದು ಹೇಗೆ? ಅವನ ‘ಪದ್ಧತಿ’ ಹುಟ್ಟಿದ್ದು ಈ ಪ್ರಶ್ನೆಯಿಂದ. ನಟ ತನ್ನ ಹಳೆಯ ನೆನಪಿನಿಂದ ಭಾವವನ್ನು ಎತ್ತಿಕೊಳ್ಳುವ ಅಭ್ಯಾಸ ಮೊದಲ ಘಟ್ಟದ್ದು. 1922ರಿಂದ 1924ರವರೆಗೆ ತಂಡ ಯುರೋಪು, ಅಮೆರಿಕ ಸುತ್ತಿದಾಗ ಅಮೆರಿಕದವರ ಕೈಗೆ ಸಿಕ್ಕಿದ್ದು ಮುಖ್ಯವಾಗಿ ಇದೇ ಘಟ್ಟ.

ಪುಸ್ತಕಗಳ ವಿಷಯದಲ್ಲೂ ಹಾಗೇ ಆಯಿತು. ಅವನು ಒಂದೇ ಎಂದು ಯೋಚಿಸಿದ್ದ ಪಾಠ ಇಂಗ್ಲಿಷಿಗೆ ಬರುವಾಗ ಎರಡು ತುಂಡಾಯಿತು. ನಟನ ಒಳಗಿನ ತಯಾರಿ ಹೇಳುವ ‘ಆ್ಯನ್ ಆಕ್ಟರ್ ಪ್ರಿಪೇರ್ಸ್’ ಬಂದದ್ದು 1936ರಲ್ಲಿ. ದನಿ, ದೇಹ, ನಡಿಗೆ, ಲಯದ ಪಾಠವಿರುವ ‘ಬಿಲ್ಡಿಂಗ್ ಎ ಕ್ಯಾರೆಕ್ಟರ್’ ಬಂದದ್ದು 1949ರಲ್ಲಿ. ನಡುವೆ 13 ವರ್ಷ. ಅಷ್ಟರಲ್ಲಿ ಲೇಖಕ ತೀರಿಕೊಂಡು, ಒಂದು ಮಹಾಯುದ್ಧ ಮುಗಿದು, ಸ್ತಾನಿಸ್ಲಾವ್‌ಸ್ಕಿ ಎಂದರೆ ಭಾವ, ನೆನಪು, ಕಣ್ಣೀರು ಎಂದು ಲೋಕ ತೀರ್ಮಾನಿಸಿಯಾಗಿತ್ತು. ಇಂಗ್ಲಿಷಿನ ದಾರಿಯಲ್ಲಿ ನಮಗೂ ಸಿಕ್ಕಿದ್ದು ಮೊದಲ ತುಂಡೇ. ‘ನಿನ್ನ ಅಜ್ಜಿ ಸತ್ತದ್ದನ್ನು ನೆನಪು ಮಾಡಿಕೊ, ಅಳು ಬರುತ್ತದೆ’ ಎಂದು ಹದಿನೆಂಟರ ಹುಡುಗಿಗೆ ಹೇಳುವ ಶಿಬಿರದ ಮೇಷ್ಟರುಗಳು ಇವತ್ತಿಗೂ ಇದ್ದಾರೆ.

ಎರಡನೆಯ ತುಂಡನ್ನು ತೆರೆದು ನೋಡಿ. ಅಲ್ಲಿ ವಿದ್ಯಾರ್ಥಿಗಳು ಮೆಟ್ರೊನೋಮ್‌ಗಳನ್ನು, ಅಂದರೆ ತಾಳ ಹಾಕುವ ಯಂತ್ರಗಳನ್ನು, ಬೇರೆ ಬೇರೆ ವೇಗಕ್ಕೆ ಇಟ್ಟುಕೊಂಡು ನಡೆಯುತ್ತಾರೆ, ಕೂರುತ್ತಾರೆ, ಮಾತಾಡುತ್ತಾರೆ. ಲಯ ಬದಲಾದರೆ ಭಾವ ತಾನೇ ಬದಲಾಗುತ್ತದೆ ಎನ್ನುವುದು ಆ ಪಾಠ. 1918ರಿಂದ ಅವನು ಒಪೆರಾ ಗಾಯಕರಿಗೆ ಅಭಿನಯ ಕಲಿಸುತ್ತಿದ್ದ. ಸಂಗೀತದಲ್ಲಿ ಕಾಲ ಮೊದಲೇ ಬರೆದಿಟ್ಟಿರುತ್ತದೆ, ಗಾಯಕ ಅದರೊಳಗೇ ನಿಜವಾಗಿರಬೇಕು. ಇದು ಅವನಿಗೆ ದೊಡ್ಡ ಬೆಳಕಾಯಿತು. 1928ರಲ್ಲಿ ವೆರ್ಶಿನಿನ್ ಪಾತ್ರ ಮಾಡುತ್ತಿದ್ದಾಗ ರಂಗದ ಮೇಲೇ ಹೃದಯಾಘಾತವಾಗಿ ಅವನ ನಟನೆ ಅಲ್ಲಿಗೇ ನಿಂತಿತು. ಕೊನೆಯ ವರ್ಷಗಳಲ್ಲಿ ಮನೆಯಲ್ಲೇ ನಟರನ್ನು ಕೂರಿಸಿಕೊಂಡು ಅವನು ಹೇಳುತ್ತಿದ್ದುದು ಇಷ್ಟೇ: ಭಾವವನ್ನು ಹಿಂಡಬೇಡ, ಮಾಡಬೇಕಾದ ಕ್ರಿಯೆಯನ್ನು ಸರಿಯಾಗಿ ಮಾಡು, ಭಾವ ಹಿಂದೆ ಬರುತ್ತದೆ. ತನಗೆ ಎದುರಾಗಿ ಬೇರೆ ದಾರಿ ಹಿಡಿದಿದ್ದ ಮೆಯೆರ್‌ಹೋಲ್ಡ್‌ನ ರಂಗಮಂದಿರವನ್ನು 1938ರಲ್ಲಿ ಸರ್ಕಾರ ಮುಚ್ಚಿಸಿದಾಗ, ಕರೆದು ತನ್ನ ಒಪೆರಾ ಥಿಯೇಟರಿನಲ್ಲಿ ಕೆಲಸ ಕೊಟ್ಟವನೂ ಇವನೇ. ಅದೇ ವರ್ಷ ಆಗಸ್ಟ್ 7ರಂದು ತೀರಿಕೊಂಡ. ಎರಡೇ ವರ್ಷದೊಳಗೆ ಮೆಯೆರ್‌ಹೋಲ್ಡ್‌ನನ್ನು ಗುಂಡಿಟ್ಟು ಕೊಂದರು.

ಲಯ ಬದಲಾದರೆ ಭಾವ ಬದಲಾಗುತ್ತದೆ ಎಂದು ಮಲೆನಾಡಿನಲ್ಲಿ ಯಾರಿಗಾದರೂ ಪಾಠ ಮಾಡಬೇಕೆ? ಬಯಲಾಟದ ಚೆಂಡೆ ಕೇಳಿ ಬೆಳೆದವರಿಗೆ ಇದು ಮೈಗೇ ಗೊತ್ತು. ವೇಷ ತೆರೆಯ ಹಿಂದಿರುವಾಗಲೇ ಚೆಂಡೆಯ ಪೆಟ್ಟಿನಲ್ಲಿ ಬರುತ್ತಿರುವವನು ರಾಕ್ಷಸನೋ ರಾಜನೋ ತಿಳಿಯುತ್ತದೆ. ಅಂದರೆ ಸ್ತಾನಿಸ್ಲಾವ್‌ಸ್ಕಿಯ ಎರಡನೆಯ ಅರ್ಧ ನಮ್ಮ ರಂಗಸ್ಥಳದ ಪಕ್ಕದಲ್ಲೇ ಇತ್ತು, ನಾವು ಮೊದಲ ಅರ್ಧ ಹಿಡಿದುಕೊಂಡು ‘ಇದು ನಮ್ಮದಲ್ಲ’ ಎಂದೋ, ‘ಇದೇ ಶ್ರೇಷ್ಠ’ ಎಂದೋ ಜಗಳವಾಡಿದೆವು.

ಈಗ ಕಾರಂತರು. ಬಾಬುಕೋಡಿ ವೆಂಕಟರಮಣ ಕಾರಂತರು 1929ರಲ್ಲಿ ಬಂಟ್ವಾಳದ ಬಳಿಯ ಮಂಚಿಯಲ್ಲಿ ಹುಟ್ಟಿದರು. ಮೂರನೆಯ ಕ್ಲಾಸಿನಲ್ಲಿದ್ದಾಗ ಪಿ.ಕೆ. ನಾರಾಯಣ ಎಂಬ ಮೇಷ್ಟರು ಆಡಿಸಿದ ನಾಟಕದಲ್ಲಿ ಮೊದಲು ಬಣ್ಣ ಹಚ್ಚಿದರು. ನಾಟಕ ಕುವೆಂಪು ಅವರ ‘ನನ್ನ ಗೋಪಾಲ’. ಕುವೆಂಪು ಹುಟ್ಟಿದ್ದು ನಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ, 1904ರ ಡಿಸೆಂಬರಿನಲ್ಲಿ. ಅದೇ ವರ್ಷ ‘ಚೆರಿ ಆರ್ಚರ್ಡ್’ ರಂಗಕ್ಕೆ ಬಂದು, ಚೆಕಾವ್ ತೀರಿಕೊಂಡಿದ್ದ. ಕಾಕತಾಳೀಯವೇ ಇರಲಿ, ಕಾಡಿನಲ್ಲಿ ಒಬ್ಬನೇ ನಡೆಯುವ ಮಗುವೊಂದು ಕೊಳಲಿನವನನ್ನು ಕೂಗಿ ಕರೆಯುವ ನಾಟಕದಿಂದ ಕಾರಂತರ ರಂಗಬದುಕು ಶುರುವಾಯಿತು ಎನ್ನುವುದು ಯೋಚಿಸಬೇಕಾದ ಮಾತು.

ಹುಡುಗ ಮನೆ ಬಿಟ್ಟು ಹೋಗಿ ಗುಬ್ಬಿ ಕಂಪನಿ ಸೇರಿದ. ಗುಬ್ಬಿ ವೀರಣ್ಣನವರೇ ಅವರನ್ನು ಎಂ.ಎ. ಓದಲು ಕಾಶಿಗೆ ಕಳಿಸಿದರು. ಅಲ್ಲಿ ಓಂಕಾರನಾಥ ಠಾಕೂರರ ಬಳಿ ಹಿಂದೂಸ್ತಾನಿ ಸಂಗೀತ. ಆಮೇಲೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ, 1962ರಲ್ಲಿ ಪದವಿ. ಯಕ್ಷಗಾನ, ಕಂಪನಿ ನಾಟಕ, ಆಧುನಿಕ ಶಾಲೆ ಈ ಮೂರೂ ಒಬ್ಬರ ಮೈಯೊಳಗೆ ಸೇರಿದ್ದು ಅಪರೂಪ. 1972ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಬಯಲಿನಲ್ಲಿ ‘ಈಡಿಪಸ್’, ‘ಜೋಕುಮಾರಸ್ವಾಮಿ’, ‘ಸಂಕ್ರಾಂತಿ’ ಆಡಿಸಿದಾಗ ಕನ್ನಡ ರಂಗಭೂಮಿ ನಾಲ್ಕು ಗೋಡೆಯ ಕೋಣೆಯಿಂದ ಹೊರಗೆ ಬಂತು. ‘ಬೆನಕ’, ‘ಹಯವದನ’, ಆಮೇಲೆ 1977ರಿಂದ 1981ರವರೆಗೆ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕತ್ವ. ಅಲ್ಲಿದ್ದಾಗ ‘ಮ್ಯಾಕ್‌ಬೆತ್’ ಅನ್ನು ಯಕ್ಷಗಾನದ ನಡೆಯಲ್ಲಿ ಹಿಂದಿಗೆ ತಂದ ‘ಬರ್ನಂ ವನ’. 1981ರಿಂದ ಭೋಪಾಲದ ರಂಗಮಂಡಲ, 1989ರಿಂದ ಮೈಸೂರಿನ ರಂಗಾಯಣ. 2002ರ ಸೆಪ್ಟೆಂಬರ್ 1ರಂದು ತೀರಿಕೊಂಡರು.

ಇವತ್ತಿನ ವಿದ್ಯಾರ್ಥಿ ಈ ನಾಟಕಗಳನ್ನು ನೋಡುವ ಹಾಗಿಲ್ಲ. ನಿರ್ದೇಶಕನೊಬ್ಬನನ್ನು ವಿಮರ್ಶೆ ಮಾಡುವ ಕಷ್ಟ ಇಲ್ಲೇ ಇರುವುದು: ಕೃತಿ ಪ್ರತಿ ರಾತ್ರಿ ಅಳಿಸಿಹೋಗುತ್ತದೆ, ಹೊಗಳಿಕೆ ಉಳಿಯುತ್ತದೆ. ಆದ್ದರಿಂದ ನಾನು ಎಲ್ಲರೂ ನೋಡಬಹುದಾದ ಒಂದು ಸಾಕ್ಷಿ ಹಿಡಿಯುತ್ತೇನೆ. 1975ರ ‘ಚೋಮನ ದುಡಿ’ ಸಿನಿಮಾ. ಶಿವರಾಮ ಕಾರಂತರ ಕಾದಂಬರಿ, ಬಿ.ವಿ. ಕಾರಂತರ ನಿರ್ದೇಶನ, ಸಂಗೀತವೂ ಅವರದೇ. ಆ ವರ್ಷದ ಸ್ವರ್ಣಕಮಲ ಅದಕ್ಕೆ ಬಂತು, ಚೋಮನಾದ ಎಂ.ವಿ. ವಾಸುದೇವರಾವ್ ಅವರಿಗೆ ರಾಷ್ಟ್ರೀಯ ಪ್ರಶಸ್ತಿ ಬಂತು. ಸ್ವಂತಕ್ಕೆ ತುಂಡು ಭೂಮಿ ಬೇಕೆಂಬ ಚೋಮನ ಆಸೆ, ಜಾತಿ ಅದನ್ನು ನಿರಾಕರಿಸುವ ಬಗೆ, ಮಕ್ಕಳು ಒಬ್ಬೊಬ್ಬರಾಗಿ ಕೈತಪ್ಪುವುದು. ಇಷ್ಟೆಲ್ಲ ಸಂಕಟವಿದ್ದೂ ಚೋಮ ಹೆಚ್ಚು ಮಾತಾಡುವುದಿಲ್ಲ, ದುಡಿ ಬಾರಿಸುತ್ತಾನೆ. ಸಿಟ್ಟಿಗೂ ದುಡಿ, ದುಃಖಕ್ಕೂ ದುಡಿ. ಕಾರಂತರು ಇಲ್ಲಿ ನಟನ ಮುಖವನ್ನು ಹಿಂಡಿಲ್ಲ. ಪೆಟ್ಟಿನ ವೇಗ, ಭಾರ, ನಡುವೆ ಬಿಡುವ ಮೌನ ಇಷ್ಟರಿಂದಲೇ ಚೋಮನ ಒಳಗು ನಮಗೆ ತಿಳಿಯುತ್ತದೆ. ಮಾಡುವ ಕ್ರಿಯೆ ಸರಿಯಾಗಿದ್ದರೆ ಭಾವ ಹಿಂದೆ ಬರುತ್ತದೆ ಎಂದ ಮಾಸ್ಕೋದ ಮುದುಕ ಇದನ್ನು ನೋಡಿದ್ದರೆ ತಲೆಯಾಡಿಸುತ್ತಿದ್ದನೇನೋ. ಇದು ಜೀರುಂಡೆಯ ಸದ್ದಲ್ಲ, ತಂತಿ ಕಡಿದ ಸದ್ದು.

ಕಾರಂತರ ಸಂಗೀತವನ್ನು ‘ಇಂಪು’ ಎಂದು ಹೊಗಳುವವರು ಈ ಅಂಶವನ್ನು ಬಿಟ್ಟುಬಿಡುತ್ತಾರೆ. ಕೋಲು, ಕಲ್ಲು, ತಗಡು ಕೈಗೆ ಸಿಕ್ಕಿದ್ದನ್ನೆಲ್ಲ ಅವರು ವಾದ್ಯ ಮಾಡಿಕೊಂಡರು. ಶ್ರೀರಂಗರ ‘ಸತ್ತವರ ನೆರಳು’ ಮಠದ ಸುತ್ತ ಹೆಣೆದ ನಾಟಕ. ಅದರೊಳಗೆ ಅವರು ದಾಸರ ಹಾಡುಗಳನ್ನು ತಂದರು. ಮೇಲೆ ಭಕ್ತಿಯ ಹಾಡು, ಕೆಳಗೆ ಅಧಿಕಾರದ ಆಟ. ಹಾಡು ಇಂಪಾದಷ್ಟೂ ಆಟ ಅಸಹ್ಯವಾಗುತ್ತದೆ. ಹಾಡನ್ನು ಅಲಂಕಾರಕ್ಕೆ ಇಟ್ಟಿದ್ದರೆ ಈ ಕುಟುಕು ಸಾಧ್ಯವಿರಲಿಲ್ಲ. ಮಠದ ನೆರಳಿನಲ್ಲೇ ಬೆಳೆದ ನಮ್ಮಂಥ ಊರಿನವರು ಆ ನಾಟಕವನ್ನು ಓದಿ, ಆ ಹಾಡುಗಳನ್ನು ಅದರೊಳಗಿಟ್ಟು ಕೇಳಿಕೊಂಡರೆ ಈ ಮಾತು ಬೇಗ ಹತ್ತುತ್ತದೆ.

ಇಷ್ಟು ಮೆಚ್ಚಿಯೂ ಒಂದು ಆಕ್ಷೇಪವನ್ನು ಹೇಳಲೇಬೇಕು. ಸ್ತಾನಿಸ್ಲಾವ್‌ಸ್ಕಿ ಒಂದೇ ಸಂಸ್ಥೆಯಲ್ಲಿ 40 ವರ್ಷ ನಿಂತ. ಸೋತದ್ದನ್ನು, ತಿದ್ದಿಕೊಂಡದ್ದನ್ನು ಬರೆದಿಟ್ಟ. ಕಾರಂತರು ದೆಹಲಿಯಲ್ಲಿ ನಾಲ್ಕು ವರ್ಷ, ಭೋಪಾಲದಲ್ಲಿ ಐದು, ಮೈಸೂರಿನಲ್ಲಿ ಆರು. ಕಟ್ಟಿದರು, ಹೊರಟರು. ಅವರ ಆತ್ಮಕಥೆಯ ಹೆಸರೇ ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’. ಅದನ್ನೂ ಅವರು ಹೇಳಿದರು, ಬರೆದುಕೊಂಡವರು ವೈದೇಹಿ. ಒಂದು ಸದ್ದು ಇಲ್ಲೇ ಯಾಕೆ, ಅಲ್ಲಿ ಯಾಕಲ್ಲ ಎನ್ನುವ ವಿವೇಕ ಅವರ ಕಿವಿಯಲ್ಲಿತ್ತು. ಆ ಕಿವಿಯ ಲೆಕ್ಕ ಒಂದು ಪಾಠವಾಗಿ ಉಳಿಯಲಿಲ್ಲ. ಉಳಿದದ್ದು ಹಾಡುಗಳು, ಮತ್ತು ಅವರ ಜೊತೆ ದುಡಿದವರ ನೆನಪು.

ಇದರ ಫಲ ನಮ್ಮ ರಂಗದ ಮೇಲೆ ಕಾಣುತ್ತದೆ. ಯಾವ ಶಿಬಿರದ ನಾಟಕಕ್ಕೆ ಹೋದರೂ ಬಣ್ಣದ ಅಂಚಿನ ಪಂಚೆ ಉಟ್ಟ ಹತ್ತು ಜನ ಕುಣಿಯುತ್ತ ಬರುತ್ತಾರೆ, ಡೋಲು ಬಡಿಯುತ್ತದೆ, ಹಾಡು ಮುಗಿದ ಮೇಲೆ ನಾಟಕ ಹುಡುಕಬೇಕು. ಇದಕ್ಕೆ ‘ಕಾರಂತ ಶೈಲಿ’ ಎಂದು ಹೆಸರು. ಬಡವನ ಕಥೆಗೂ ಅದೇ ಡೋಲು, ದೊರೆಯ ಕಥೆಗೂ ಅದೇ ಕುಣಿತ. ಒಂದು ಕಾಲಕ್ಕೆ ತಂತಿ ಕಡಿದಂತೆ ಬಂದ ಸದ್ದು ಈಗ ಜೀರುಂಡೆಯ ಸದ್ದಾಗಿದೆ: ಎಲ್ಲೆಲ್ಲೂ ಇದೆ, ಯಾರಿಗೂ ಕೇಳಿಸುವುದಿಲ್ಲ. ಹಾಗೆಂದು ಆ ದಾರಿ ಮುಚ್ಚಿಹೋಗಿದೆ ಎನ್ನಲಾರೆ. 2010ರಲ್ಲಿ ಮೈಸೂರಿನ ರಂಗಾಯಣದ ಅಂಗಳದಲ್ಲಿ ಸಿ. ಬಸವಲಿಂಗಯ್ಯನವರು ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಇಡೀ ರಾತ್ರಿಯ ನಾಟಕವಾಗಿಸಿದಾಗ, ಹಾಡು ಮತ್ತೆ ಕಥೆ ಹೊರುವ ಕೆಲಸಕ್ಕೆ ಇಳಿಯಿತು.

ನಮ್ಮ ಹುಡುಗರು ಏನು ಮಾಡಬೇಕು? ಉಪದೇಶಕ್ಕಿಂತ ಒಂದು ಪರೀಕ್ಷೆ ಹೇಳುತ್ತೇನೆ. ಮಳೆಗಾಲದಲ್ಲಿ ನಡೆಯುವ ತಾಳಮದ್ದಳೆಗೆ ಹೋಗಿ ಕೂರಿ. ವೇಷವಿಲ್ಲ, ಕುಣಿತವಿಲ್ಲ, ಬೆಳಕಿನ ಆಟವಿಲ್ಲ. ಶಾಲು ಹೊದ್ದ ಅರ್ಥಧಾರಿ ಕೂತಲ್ಲೇ ಕರ್ಣನಾಗುತ್ತಾರೆ. ಅವರು ಯಾರ ಮನೆಯವರೆಂದು ಎಲ್ಲರಿಗೂ ಗೊತ್ತು. ಭಾಗವತರು ಪದ್ಯ ಮುಗಿಸಿದ ಶ್ರುತಿಯನ್ನೇ ಹಿಡಿದು ಮಾತು ಎತ್ತುತ್ತಾರೆ, ಕಂಠ ಬಿಗಿಯುತ್ತದೆ, ಎದುರಿನ ಅರ್ಥಧಾರಿ ಹಾಕಿದ ಪಟ್ಟಿಗೆ ಮರುಕ್ಷಣವೇ ಉತ್ತರ ಬರುತ್ತದೆ. ಮೈಮರೆತವನಿಗೆ ಆ ವಾದ ಸಾಧ್ಯವಿಲ್ಲ, ಬರೀ ಎಚ್ಚರದಲ್ಲಿದ್ದವನಿಗೆ ಆ ಕಂಠ ಬರುವುದಿಲ್ಲ. ಸ್ತಾನಿಸ್ಲಾವ್‌ಸ್ಕಿ ಮೆಚ್ಚಿದ್ದ ಇಟಲಿಯ ನಟ ಸಾಲ್ವೀನಿ ಹೇಳುತ್ತಿದ್ದುದೂ ಇದನ್ನೇ: ನಟ ಅಳುತ್ತಾನೆ, ತಾನು ಅಳುವುದನ್ನು ನೋಡುತ್ತಲೂ ಇರುತ್ತಾನೆ.

ಅದನ್ನು ಕೇಳಿ ಬಂದ ಮೇಲೆ ‘ಬಿಲ್ಡಿಂಗ್ ಎ ಕ್ಯಾರೆಕ್ಟರ್’ನ ಲಯದ ಅಧ್ಯಾಯ ಓದಿ, ‘ಚೋಮನ ದುಡಿ’ ನೋಡಿ. ಆಮೇಲೆ ನಿಮ್ಮ ಮುಂದಿನ ನಾಟಕದ ಡೋಲನ್ನು ಒಂದು ವಾರ ಬದಿಗಿಡಿ. ಎಲ್ಲಿ ಅದಿಲ್ಲದೆ ದೃಶ್ಯ ನಿಲ್ಲುವುದೇ ಇಲ್ಲವೋ ಅಲ್ಲಿಗೆ ಮಾತ್ರ ವಾಪಸು ತನ್ನಿ. ಆಗ ಕೇಳುವ ಪೆಟ್ಟು ಒಂದೇ ಆಗಿದ್ದರೂ ಸಾಕು, ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದವರೂ ತಲೆ ಎತ್ತುತ್ತಾರೆ.